ಪ್ರಿಂಟರಿನ ಊಟ ಮುಗಿಯುವ ತನಕ

ಪುತ್ತೂರು ಪೇಟೆಯಲ್ಲಿ ಸಂಜೆ ಅಂಗಡಿಯ ಬಾಗಿಲು ಹಾಕುವುದು ಯಾರಿಗಾದರೂ ಒಂದು ನಿಮಿಷದ ಕೆಲಸ. ವಸುಮತಿಗೆ ಮಾತ್ರ ಅದೊಂದು ದೊಡ್ಡ ಕಾರ್ಯಕ್ರಮ. ಮೊದಲು ಫ್ಲಾಪಿ ತೆಗೆದು ಅದರ ಲಕೋಟೆಗೆ ಹಾಕಬೇಕು. ಆಮೇಲೆ ಪ್ರಿಂಟರ್ ಆಫ್. ಆಮೇಲೆ ಪರದೆ, ಆಮೇಲೆ ಕಂಪ್ಯೂಟರ್, ಎಲ್ಲ ಮುಗಿದ ಮೇಲೆ ಗೋಡೆ ಬದಿಯ ಸ್ಟೆಬಿಲೈಸರ್. ಒಂದೊಂದರ ದೀಪವೂ ಆರಿತೇ ಎಂದು ಬಗ್ಗಿ ನೋಡಿ, ಮೇಲೆ ಬಟ್ಟೆ ಹೊದಿಸಿದ ಮೇಲೆಯೇ ಅವಳು ಚಪ್ಪಲಿ ಮೆಟ್ಟುವುದು.

"ಮಕ್ಕಳನ್ನು ಮಲಗಿಸಿ ಆಯ್ತಾ?" ಎಂದು ಚಿಕ್ಕಮ್ಮ ಸತ್ಯವತಿ ದಿನಾ ತಮಾಷೆ ಮಾಡುವರು. ಮಾಡಲಿ ಬಿಡಿ. ವಸುಮತಿಗೆ ಖುಷಿಯೋ ಖುಷಿ.

ಕೋಡಿಂಬಾಳದ ಈ ಹುಡುಗಿ ಟೈಪಿಂಗ್ ಕಲಿಯಲೆಂದು ಪುತ್ತೂರಿನ ಚಿಕ್ಕಮ್ಮನ ಮನೆಗೆ ಬಂದವಳು. ಕಲಿತ ಮೇಲೆ ಅದೇ ಟೈಪಿಂಗ್ ಶಾಲೆಯಲ್ಲಿ ಕಲಿಸಲು ನಿಂತಳು. ಎಂಬತ್ತೆಂಟರಲ್ಲಿ ಶಾಲೆಯ ಧಣಿ ಸರ್ವೋತ್ತಮಣ್ಣ ಎಲ್ಲಿಂದಲೋ ಒಂದು ಕಂಪ್ಯೂಟರ್ ಹೊತ್ತು ತಂದರು. ಅಲ್ಲಿಗೆ ಮುಗಿಯಿತು, ಹುಡುಗಿಗೆ ಹುಚ್ಚು ಹಿಡಿಯಿತು. ಬೆಳಿಗ್ಗೆ ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹತ್ತುವಳು. ಪರದೆಯಲ್ಲಿ ಹಸಿರು ಅಕ್ಷರ ಮೂಡಿದರೆ ಸಾಕು, ಮುಖ ಊರಗಲ.

ಆದರೆ ವಯಸ್ಸು ಇಪ್ಪತ್ತಮೂರು. ಮದುವೆಯ ಮಾತು ಬಾರದೆ ಇರುತ್ತದೆಯೇ? ಎರಡು ಸಂಬಂಧ ಬಂದವು. ಇಬ್ಬರಿಗೂ ಹುಡುಗಿ ಒಪ್ಪಿಗೆ, ಇಬ್ಬರದೂ ಒಂದೇ ಮಾತು: ಮದುವೆಯ ಮೇಲೆ ಕೆಲಸ ಯಾಕೆ? ವಸುಮತಿ ಇಬ್ಬರಿಗೂ ಆಗದು ಎಂದಳು. ಚಿಕ್ಕಮ್ಮನ ಸಹನೆಗೂ ಒಂದು ಮಿತಿ ಉಂಟಲ್ಲ. "ಈ ಶನಿವಾರ ಸುಳ್ಯದಿಂದ ಒಬ್ಬ ಬರ್ತಾನೆ. ಇವನನ್ನೂ ಬೇಡ ಅಂದ್ರೆ ನಿನ್ನ ಪೆಟ್ಟಿಗೆ ಕಟ್ಟಿ ಕೋಡಿಂಬಾಳಕ್ಕೆ ಕಳಿಸುದೇ. ಆಮೇಲೆ ಕಂಪ್ಯೂಟರೂ ಇಲ್ಲ, ಎಂತದೂ ಇಲ್ಲ" ಎಂದರು.

ಆ ಶನಿವಾರದ ಕಥೆಗೆ ಹೋಗುವ ಮೊದಲು ಸರ್ವೋತ್ತಮಣ್ಣನ ಕಾನೂನು ಗೊತ್ತಿರಬೇಕು. ಅದು ಹುಟ್ಟಿದ್ದು ಕಂಪ್ಯೂಟರಿನ ಉದ್ಘಾಟನೆಯ ದಿನ. ಅತಿಥಿಗಳ ಎದುರು ಪ್ರಿಂಟರ್ 'ಸುಸ್ವಾಗತ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ, ಒಂದೊಂದೂ ಮೊಳದಷ್ಟು ದೊಡ್ಡದಾಗಿ, ಉದ್ದನೆಯ ಕಾಗದದಲ್ಲಿ ಕಿರ್ರ್ ಕಿರ್ರ್ ಎಂದು ಹೊಡೆಯುತ್ತಿತ್ತು. ಅತಿಥಿಗಳು ಚಹಾಕ್ಕೆ ಎದ್ದರು. ಸರ್ವೋತ್ತಮಣ್ಣ "ಸಾಕು, ಬಂದ್ ಮಾಡು" ಎಂದು ಸನ್ನೆ ಮಾಡಿದರು. ಆಗಿನ್ನೂ ಹೊಸಬಳಾದ ವಸುಮತಿ ಕಂಪ್ಯೂಟರ್ ಆಫ್ ಮಾಡಿದಳು. ಪ್ರಿಂಟರ್ ಕೇಳಬೇಕಲ್ಲ! ಹೇಳಿಸಿಕೊಂಡದ್ದನ್ನೆಲ್ಲ ಅದು ಮೊದಲೇ ತನ್ನ ಹೊಟ್ಟೆಯೊಳಗೆ ಇಟ್ಟುಕೊಂಡಿತ್ತು. ಕಂಪ್ಯೂಟರ್ ಆಫ್ ಆದರೂ ತನ್ನಷ್ಟಕ್ಕೆ ಕಿರ್ರ್ ಕಿರ್ರ್.

ಸರ್ವೋತ್ತಮಣ್ಣ ಹಣೆ ಚಚ್ಚಿಕೊಂಡರು. ಅವರ ಮನೆಯ ಪಂಕ್ತಿಯಲ್ಲಿ ಕೊನೆಯವನ ಊಟ ಮುಗಿಯದೆ ಯಾರೂ ಏಳುವ ಕ್ರಮವಿಲ್ಲ.

"ಎಂತ ಮರ್ಯಾದೆ ತೆಗೆದೆ ಮಾರಾಯ್ತಿ! ಅದು ಇನ್ನೂ ಉಣ್ತಾ ಉಂಟು, ಇಲ್ಲಿ ಯಜಮಾನ ಕಂಪ್ಯೂಟರೇ ಎದ್ದು ಕೈ ತೊಳೆಯುದಾ? ಪುನಃ ಕೂರಿಸು!"

ವಸುಮತಿ ಕಂಪ್ಯೂಟರನ್ನು ಪುನಃ ಆನ್ ಮಾಡಿದಳು. ಅದೋ, ಎದ್ದ ಕೂಡಲೇ ಜೊತೆಗಿದ್ದವರನ್ನೆಲ್ಲ ಒಮ್ಮೆ ತಟ್ಟಿ ಎಬ್ಬಿಸುವ ಜಾತಿಯದು. ಹಾಗೆ ತಟ್ಟಿದ್ದಕ್ಕೆ ಪ್ರಿಂಟರ್ ಟಕ್ಕೆಂದು ನಿಂತು, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಮರೆತುಬಿಟ್ಟಿತು. ಕಾಗದದಲ್ಲಿ 'ಸುಸ್ವಾ' ಎಂದಷ್ಟೇ ಉಳಿಯಿತು. ಅತಿಥಿಗಳು ಚಹಾ ಚೆಲ್ಲಿಕೊಂಡು ನಕ್ಕರು. ಅಂದಿನಿಂದ ಕಾನೂನು: ಪ್ರಿಂಟರಿನ ಊಟ ಮುಗಿಯುವ ತನಕ ಯಾರೂ ಏಳಬಾರದು, ಮತ್ತು ವಸುಮತಿಯ ಹೊರತು ಯಾರೂ ಸ್ವಿಚ್ಚು ಮುಟ್ಟಬಾರದು. ಸರ್ವೋತ್ತಮಣ್ಣನಂತೂ ಆಮೇಲೆ ಯಾವ ಸ್ವಿಚ್ಚಿನ ಹತ್ತಿರವೂ ಸುಳಿದವರಲ್ಲ.

ಸರಿ, ಶನಿವಾರ ಬಂತು. ನಾಲ್ಕು ಗಂಟೆಗೆ ಚಿಕ್ಕಮ್ಮನ ಮನೆಗೆ ಹುಡುಗ ಬರುವುದೆಂದು ಮಾತು. ಮೂರೂವರೆಗೆ ಪ್ರಿಂಟರಿನಲ್ಲಿ ಯಾವುದೋ ಶಾಲೆಯ ಬೆಳ್ಳಿಹಬ್ಬದ ಆಮಂತ್ರಣಕ್ಕೆ ವಿಳಾಸದ ಚೀಟಿಗಳು ಬರುತ್ತಲೇ ಇದ್ದವು.

"ಸರ್ವೋತ್ತಮಣ್ಣ, ಮುಗಿದ ಮೇಲೆ ನೀವೇ ಒಂದು ಆಫ್ ಮಾಡಿ. ಬರೀ ನಾಲ್ಕು ಸ್ವಿಚ್ಚು."

"ನಾನಾ? ದೇವರಾಣೆಗೂ ಇಲ್ಲ! ನಾನು ಮುಟ್ಟಿ ಅದರಿಂದ ಹೊಗೆ ಬಂದ್ರೆ?"

ಬೇಡಿದಳು, ಗದರಿದಳು. ಸರ್ವೋತ್ತಮಣ್ಣ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ನಾಲ್ಕು ದಾಟಿತು. ನಾಲ್ಕೂವರೆಗೆ ಕೆಳಗೆ ಆಟೋ ನಿಂತ ಸದ್ದು, ಮೆಟ್ಟಿಲಲ್ಲಿ ಚಿಕ್ಕಮ್ಮನ ಏದುಸಿರು. ಹಿಂದೆಯೇ ಬಿಳಿ ಅಂಗಿಯ ಉದ್ದನೆಯ ಯುವಕನೊಬ್ಬ. ಸುಳ್ಯದಲ್ಲಿ ಪಂಪುಸೆಟ್ಟಿನ ಅಂಗಡಿ ಇಟ್ಟಿದ್ದ ಪರಮೇಶ್ವರ. ಹಿರಿಯರು ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿರಲಿ, ತಾನೂ ಹೋಗಿ ಕರೆದುಕೊಂಡು ಬರುತ್ತೇನೆಂದು ಚಿಕ್ಕಮ್ಮನ ಜೊತೆ ಹೊರಟು ಬಂದಿದ್ದ.

"ನಾಚಿಕೆ ಆಗುದಿಲ್ವಾ ನಿನಗೆ? ಹುಡುಗ ಬಂದು ಕಾಯುದು, ನೀನು ಇಲ್ಲಿ ಕಾಗದ ನೋಡುದು!" ಎನ್ನುತ್ತಾ ಚಿಕ್ಕಮ್ಮ ಸೀದಾ ಸ್ಟೆಬಿಲೈಸರಿಗೆ ಕೈ ಚಾಚಿದರು.

"ಮುಟ್ಟಬೇಡಿ!"

ಕಿರುಚಿದ್ದು ವಸುಮತಿ. ಅಷ್ಟೇ ಅಲ್ಲ, ಹಾರಿ ಹೋಗಿ ಚಿಕ್ಕಮ್ಮನ ಕೈಯನ್ನೇ ಹಿಡಿದುಬಿಟ್ಟಳು. ನೋಡಲು ಬಂದ ಹುಡುಗನ ಎದುರಿಗೆ! ಅಯ್ಯಯ್ಯೋ! ಇನ್ನು ಹೋಗುವ ಮಾನ ಉಳಿದಿಲ್ಲವೆಂದು ವಸುಮತಿಗೆ ಎಲ್ಲಿಲ್ಲದ ಧೈರ್ಯ ಬಂತು. ಹುಡುಗನ ಕಡೆ ತಿರುಗಿ ಒಂದೇ ಉಸಿರಿಗೆ ಹೇಳಿಬಿಟ್ಟಳು.

"ನೋಡಿ, ಇದು ನನ್ನ ಕೆಲಸ. ಮದುವೆ ಆದ್ರೂ ನಾನು ಇದನ್ನು ಬಿಡುದಿಲ್ಲ. ನಿಮಗೆ ಆಗುದಿಲ್ಲ ಅಂದ್ರೆ ಈಗಲೇ ಹೇಳಿ."

ಪ್ರಿಂಟರಿನಿಂದ ನೆಲಕ್ಕಿಳಿದ ಕಾಗದ ಸಿಕ್ಕಾಗುತ್ತಿತ್ತು. ಪರಮೇಶ್ವರ ಕುಕ್ಕರಗಾಲಲ್ಲಿ ಕೂತು ಅದನ್ನು ಮಡಿಕೆ ಮಡಿಕೆಯಾಗಿ ಜೋಡಿಸತೊಡಗಿದ. ಆಯಿತು, ಇದೂ ಹೋಯಿತು, ನಾಳೆ ಪೆಟ್ಟಿಗೆ ಕಟ್ಟುವುದೇ ಎಂದುಕೊಂಡಳು ವಸುಮತಿ.

ಪ್ರಿಂಟರ್ ಮುಗಿಸಿತು. ಪ್ರಿಂಟರ್ ಆಫ್ ಮಾಡಿದಳು, ಪರದೆ ಆಫ್ ಮಾಡಿದಳು. ಪರದೆ ಕಪ್ಪಾದದ್ದೇ ತಡ, ಚಿಕ್ಕಮ್ಮ ರಟ್ಟೆ ಹಿಡಿದು ಎಳೆದುಕೊಂಡು ಕೆಳಗಿಳಿಸಿ ಆಟೋಕ್ಕೆ ತುಂಬಿದರು. ಪರಮೇಶ್ವರ ಮುಂದೆ ಚಾಲಕ ಸಮದ್‌ನ ಪಕ್ಕ ಕೂತ. ಆಟೋ ಹೊರಟಿತು.

ಹತ್ತು ಮಾರು ಹೋಗಿರಬೇಕು, ಹಿಂದಿನಿಂದ ಬೊಬ್ಬೆ. ಸರ್ವೋತ್ತಮಣ್ಣ ಪಂಚೆ ಎತ್ತಿ ಕಟ್ಟಿ ನಡುಬೀದಿಯಲ್ಲಿ ಓಡಿ ಬರುತ್ತಿದ್ದರು.

"ವಸುಮತೀ! ಒಳಗೆ ಗುಂಯ್ ಅಂತ ಉಂಟು ಮಾರಾಯ್ತೀ! ದೊಡ್ಡದು ಇನ್ನೂ ಮಲಗಲೇ ಇಲ್ಲ!"

ಪರದೆ ಕಪ್ಪಾದರೆ ಕಂಪ್ಯೂಟರ್ ಆಫ್ ಆದ ಹಾಗಲ್ಲ ಎಂದು ಊರಿಗೆಲ್ಲ ಪಾಠ ಹೇಳುವವಳು ವಸುಮತಿಯೇ. ಈಗ ಆಟೋ ತಿರುಗಿಸಿ ಎಂದು ಯಾವ ಬಾಯಿಯಲ್ಲಿ ಹೇಳುವುದು?

"ಹೋಗು ಸಮದ್, ನಿಲ್ಲಿಸಬೇಡ! ಅದು ಸುಟ್ಟು ಹೋಗ್ಲಿ!" ಎಂದರು ಚಿಕ್ಕಮ್ಮ.

ಸಮದ್ ಗೇರು ಬದಲಿಸಿದ. ಆಗ ಪರಮೇಶ್ವರ ಅವನ ಭುಜದ ಮೇಲೆ ಕೈ ಇಟ್ಟ.

"ತಿರುಗಿಸಿ ಮಾರಾಯ್ರೆ. ಅವರ ಕೆಲಸ ಬಾಕಿ ಉಂಟು."

ಆಟೋ ನಡುಬೀದಿಯಲ್ಲೇ ಗಿರಕಿ ಹೊಡೆಯಿತು. ಚಿಕ್ಕಮ್ಮ ವಸುಮತಿಯ ಮೇಲೆ ಬಿದ್ದರು. ವಸುಮತಿಗೆ ಅಳುವೂ ನಗುವೂ ಒಟ್ಟಿಗೇ ನುಗ್ಗಿ ಬಂತು. ಮೈಮೇಲೆ ಬಿದ್ದಿದ್ದ ಚಿಕ್ಕಮ್ಮನ ಕಿವಿಗೆ, ಆದರೆ ಸಮದ್‌ಗೂ ಸರ್ವೋತ್ತಮಣ್ಣನಿಗೂ ಅರ್ಧ ಬೀದಿಗೂ ಕೇಳುವ ಹಾಗೆ, ಹುಡುಗನ ಕಡೆಯವರು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟಳು:

"ಚಿಕ್ಕಮ್ಮಾ, ನನಗೆ ಒಪ್ಪಿಗೆ!"