ಸಾಮಂತನ ಎರಡನೇ ಮೂಗು

ಯಾವ ಪೊಟ್ಟಣಕ್ಕೂ ಎರಡು ಮುಖಗಳಿದ್ದರೂ ಅಂಗಡಿಯಾತ ಲೋಕಕ್ಕೆ ತೋರಿಸುವುದು ಒಂದನ್ನೇ ಎಂಬ ಪರಮಸತ್ಯ ನಿಮಗೆ ಎಂದಾದರೂ ಹೊಳೆದಿದೆಯೇ? ನನಗೆ ಹೊಳೆದದ್ದು, ಪೊಟ್ಟಣದ ಮೇಲೆ ನನ್ನದೇ ಮುಖವನ್ನು ಅಚ್ಚು ಹಾಕಿಸುವ ಯೋಗ ಬಂದಾಗ.

ನಾನು ಮಾರನಹಳ್ಳಿ ಕಡೆಯ ಕಾಫಿ ಎಸ್ಟೇಟೊಂದರ ಮನೆಯಳಿಯ. ತೋಟ ಮಾವನದು, ಮಾತೂ ಮಾವನದು. ಅಳಿಯನಿಗೆ ಮರ್ಯಾದೆಗೇನೂ ಬರವಿಲ್ಲ. ಹೆಂಡತಿ ಸುಮ, ಕಾಫಿಪುಡಿ ಮಾಡಿ ಸಕಲೇಶಪುರದಲ್ಲಿ ಮಾರಬೇಕೆಂದು ಆಸೆಪಟ್ಟು ಹುರಿಯುವ ಯಂತ್ರ ತರಿಸಿದ್ದಳು. ಆದರೆ ಬೀಜವನ್ನೆಲ್ಲ ವ್ಯಾಪಾರಿಗೇ ಹಾಕುವ ಮಾವ ‘ಹೂಂ’ ಅನ್ನದೆ ಒಂದು ಹಿಡಿಯೂ ಸಿಗದು. ಯಂತ್ರ ತಣ್ಣಗೆ ಕೂತಿತ್ತು, ಅವಳ ಮುಖ ಬಾಡಿತ್ತು.

ಮಾವನನ್ನು ಒಲಿಸುವ ದಾರಿ ತೋರಿದವನು ರೋಮನರ ಕೈಕೆಳಗಿದ್ದ ಥ್ರೇಸ್ ನಾಡಿನ ಒಬ್ಬ ಸಾಮಂತರಾಜ. ಹಳೆಯ ನಾಣ್ಯಗಳ ಹುಚ್ಚಿರುವ ನನಗೆ ಫೋನಿನಲ್ಲಿ ಅವನ ಕಂಚಿನ ನಾಣ್ಯವೊಂದರ ಚಿತ್ರ ಸಿಕ್ಕಿತು: ಒಂದು ಬದಿ ಚಕ್ರವರ್ತಿ, ಇನ್ನೊಂದು ಬದಿ ತಾನು. ಆಹಾ, ಎಂಥ ಜಾಣ ನೋಡಿ, ಸಾಮ್ರಾಜ್ಯವನ್ನು ದೊಡ್ಡವರಿಗೆ ಒಪ್ಪಿಸಿ ಮೂಗನ್ನು ಮಾತ್ರ ತನಗೆ ಉಳಿಸಿಕೊಂಡಿದ್ದಾನೆ. ಅಚ್ಚು ಜಾರಿ ಆ ಮೂಗು ಎರಡೆರಡು ಬಿದ್ದಿದ್ದರೂ, ಸಕಲ ಮನೆಯಳಿಯಂದಿರ ಮೂಲಪುರುಷ ಇವನೇ ಎಂದು ಕುಣಿದುಬಿಟ್ಟೆ. ಪೊಟ್ಟಣದ ಮುಂದೆ ಹ್ಯಾಟು ತೊಟ್ಟ ಮಾವ, ಹಿಂದೆ ಮೀಸೆ ತಿರುವಿದ ನಾನು, ಮಾದರಿ ಸಿದ್ಧವಾಯಿತು.

ಮಾವ ಕನ್ನಡಕ ಏರಿಸಿ ತಮ್ಮನ್ನು ತಾವು ನೋಡಿಕೊಂಡರು, ತುಟಿಯಲ್ಲಿ ನಗು ಸುಳಿಯಿತು. ಪೊಟ್ಟಣ ತಿರುಗಿಸಿದರು, ನಗು ಹೋಯಿತು.

“ಅಳಿಯಂದ್ರೇ, ತೋಟ ಮಾಡ್ದೋನು ನಾನು, ಸರಿ. ಹುರಿಯೋಳು ಅವ್ಳು. ಅವ್ಳ್ ಮುಖ ಎಲ್ಲೈತೆ?”

ತಬ್ಬಿಬ್ಬಾಗಿ, ಸಾಕ್ಷಿಗೆಂದು ನಾಣ್ಯದ ಚಿತ್ರ ಮುಂದೆ ಹಿಡಿದೆ. ಸುಮ ಅದನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿ ನಗತೊಡಗಿದಳು.

“ಇದು ಎರಡನೇ ಮೂಗಲ್ಲ ಕಣ್ರೀ, ಅವನ ಹೆಂಡ್ತಿ. ಪಕ್ಕದಲ್ಲೇ ಅವ್ಳೆ, ನಿಮಗೆ ಕಾಣ್ಲಿಲ್ಲ.”

ನೋಡುತ್ತೇನೆ, ಹೌದು, ರಾಜನ ಕೆನ್ನೆಗೆ ಅಂಟಿದಂತೆ ರಾಣಿ. ನನಗೆ ನಾಚಿಕೆಯೂ ಆಯಿತು, ನಗು ತಡೆಯಲೂ ಆಗಲಿಲ್ಲ. ಮಾವನಂತೂ ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಸೊಂಟದಿಂದ ಬೀಜದ ಸ್ಟೋರಿನ ಬೀಗದ ಕೈ ತೆಗೆದು ಚಾಚಿದರು. ನಾನು ಕೈ ಒಡ್ಡುವಷ್ಟರಲ್ಲಿ ಅದು ನನ್ನನ್ನು ದಾಟಿ ಮಗಳ ಅಂಗೈ ಸೇರಿತ್ತು.

“ಬೇಕಾದಷ್ಟು ತಗಳವ್ವ,” ಅಂದರು. “ಮೂಟೆ ಹೊರಾಕೆ ಅಳಿಯಂದ್ರು ಇದಾರಲ್ಲ.”

ಹೊತ್ತೆ, ಸ್ವಾಮಿ, ಸಂತೋಷವಾಗಿ ಹೊತ್ತೆ. ಯಂತ್ರ ತಿರುಗಿ ಮನೆಯೆಲ್ಲ ಹುರಿದ ಘಮ ತುಂಬಿದಾಗ ಅರಳಿದ ಅವಳ ಮುಖ ನೋಡುತ್ತ ನಿಂತವನಿಗೆ, ನನಗೂ ಒಂದು ಮುಖವಿದೆ ಎಂಬುದೇ ಮರೆತುಹೋಗಿತ್ತು.