ಅಪ್ಪನ ಚಾಪೆಯ ಪಕ್ಕದ ಕೋಳಿಮರಿಗಳು

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿತ್ತು. ಅಪ್ಪನಿಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ. ಗಾಳಿ ನಮ್ಮ ಕಡೆ ತಿರುಗಿದರೆ ಬೆಂದ ಬಿದಿರಿನ ಘಾಟು ಒಲೆಯ ಮೇಲಿನ ಸಾರಿನ ಪರಿಮಳವನ್ನೂ ನುಂಗಿಬಿಡುತ್ತಿತ್ತು. ಹಿತ್ತಲಿನಲ್ಲಿ ಅಕ್ಕ ಕೋಳಿ ಸಾಕಿದ್ದಳು. ಆ ಮಳೆಗಾಲದಲ್ಲಿ ಅವಳ ಕೆಂಪು ಹೇಂಟೆ ಮರಿ ಮಾಡಿತ್ತು. ಮರಿಯನ್ನು ಅಂಗೈಯಲ್ಲಿ ಹಿಡಿದರೆ ಬೆಚ್ಚಗೆ, ಹತ್ತಿಯಷ್ಟು ಹಗುರ.

ಒಂದು ಸಂಜೆ ಸ್ಕೂಲಿನಿಂದ ಬಂದು ನೋಡಿದರೆ ಮರಿಗಳು ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿಕೊಂಡು ಮೂಲೆಯಲ್ಲಿ ಮುದುಡಿ ನಿಂತಿದ್ದವು. ಹಿಕ್ಕೆಯಲ್ಲಿ ರಕ್ತ. ಎರಡು ಆಗಲೇ ಸತ್ತಿದ್ದವು. "ಇನ್ನು ಇವು ಉಳಿಯಲ್ಲ, ಬಿಡು" ಎಂದಳು ಅಮ್ಮ. ಅಕ್ಕ ಊಟ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ, ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಅಕ್ಕನ ಮುಖ ನೋಡಿದರು. ಮಲಗಲೇ ಇಲ್ಲ. ತೀರಾ ಸೊರಗಿದ್ದ ಮರಿಯನ್ನು ಬುಟ್ಟಿಯಲ್ಲಿಟ್ಟು, ನನ್ನನ್ನು ಸೈಕಲ್ಲಿನ ಮುಂದಿನ ಬಾರಿನ ಮೇಲೆ, ಅಕ್ಕನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಓಲ್ಡ್ ಟೌನಿನ ದನದ ಆಸ್ಪತ್ರೆಗೆ ಹೊರಟರು. ದಾರಿಯುದ್ದಕ್ಕೂ ಜಿಟಿಜಿಟಿ ಮಳೆ. ಅಕ್ಕ ಬುಟ್ಟಿಯ ಮೇಲೆ ಬಗ್ಗಿ ತಾನೇ ನೆನೆದಳು.

ಡಾಕ್ಟರು ಮರಿಯನ್ನು ತಿರುಗಿಸಿ ನೋಡಿದರು. "ರಕ್ತಭೇದಿ. ಒದ್ದೆ ಗೂಡಲ್ಲಿ ಬರೋ ರೋಗ. ಸಲ್ಫಾ ಪುಡಿ ಕೊಡ್ತೀನಿ, ಹೇಳಿದಷ್ಟೇ ನೀರಿಗೆ ಬೆರೆಸಿ ಕುಡಿಸಿ. ಬೇರೆ ನೀರು ಬಾಯಿಗೆ ಸಿಗಬಾರದು. ಔಷಧಿ ಮಾಂಸದಲ್ಲಿ ಉಳಿದಿರುತ್ತೆ, ನಾನು ಹೇಳೋವರೆಗೂ ಇವನ್ನ ತಿನ್ನೋ ಹಾಗಿಲ್ಲ" ಎಂದರು.

"ಇವು ತಿನ್ನೋಕಲ್ಲ ಸಾರ್!" ಎಂದಳು ಅಕ್ಕ. ಡಾಕ್ಟರು ನಕ್ಕರು. ಅವಳು ನಗಲಿಲ್ಲ.

ಹಿತ್ತಲೆಲ್ಲ ಮಳೆನೀರು ನಿಂತಿತ್ತು. ಅಲ್ಲಿ ಬಿಟ್ಟರೆ ಮರಿಗಳು ಆ ನೀರನ್ನೇ ಕುಡಿಯುತ್ತಿದ್ದವು. ನಮ್ಮ ಮನೆಯಲ್ಲಿ ಒಣಗಿದ ಜಾಗವೆಂದರೆ ಅಪ್ಪ ಹಗಲು ಮಲಗುವ ಕೋಣೆಯೊಂದೇ. ಅಪ್ಪ ಚಾಪೆಯನ್ನು ಗೋಡೆಗೆ ಸರಿಸಿ, ಭತ್ತದ ಹೊಟ್ಟು ಹರಡಿ ಜಾಗ ಮಾಡಿಕೊಟ್ಟರು. ಅಮ್ಮ ಗೊಣಗುತ್ತಲೇ ಹಳೆಯ ಗೋಣಿಚೀಲ ತಂದು ಸುತ್ತ ಕಟ್ಟಿದಳು.

ಮರಿಗಳಿಗೆ ತಲೆ ಎತ್ತಿ ನೀರು ಕುಡಿಯುವ ಶಕ್ತಿಯೂ ಇರಲಿಲ್ಲ. ಅಕ್ಕ ಒಂದೊಂದನ್ನೇ ಎತ್ತಿಕೊಂಡು ಕೊಕ್ಕನ್ನು ಔಷಧಿ ನೀರಿಗೆ ಅದ್ದುತ್ತಿದ್ದಳು. ಆಸ್ಪತ್ರೆಗೆ ಹೋಗಿ ಬಂದ ಮರಿ ಆ ಮಧ್ಯಾಹ್ನ ಅವಳ ಕೈಯಲ್ಲೇ ಕತ್ತು ಚೆಲ್ಲಿತು. ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಎದ್ದು ಕೈ ತೊಳೆದು, ಇನ್ನೊಂದು ಮರಿಯನ್ನು ಎತ್ತಿಕೊಂಡಳು.

ಕೆಲವು ದಿನ ಹೀಗೇ ಕಳೆಯಿತು. ಒಂದು ಹಗಲು ಅಪ್ಪ ಗೊರಕೆ ಹೊಡೆಯುತ್ತಿದ್ದಾಗ ಒಂದು ಮರಿ ಗೋಣಿಚೀಲ ನುಸುಳಿ ಬಂದು, ಅವರ ಹೊಟ್ಟೆ ಹತ್ತಿ ಕೆರೆಯತೊಡಗಿತು. ಅಪ್ಪ ಕಣ್ಣು ಬಿಡದೆಯೇ, "ಮಾರಾಯ್ತಿ, ನಿನ್ನ ಪೇಶೆಂಟಿಗೆ ಹಸಿವಾಗಿದೆ, ಏನಾದ್ರೂ ಹಾಕು" ಎಂದರು. ಅಕ್ಕ ಬಾಯಿ ಮುಚ್ಚಿಕೊಂಡರೂ ನಗು ಜೋರಾಗಿಯೇ ಹೊರಬಂತು. ಅವಳ ನಗು ಕೇಳಿ ಅಡುಗೆಮನೆಯಿಂದ ಅಮ್ಮನೂ ಓಡಿಬಂದಳು. ಉಳಿದ ಮರಿಗಳೆಲ್ಲ ಹೊಟ್ಟು ಕೆದಕುತ್ತಿದ್ದವು.

ಈಗ ಶಿವಮೊಗ್ಗದ ನಮ್ಮ ಮನೆಗೆ ಮೊಟ್ಟೆ ಟ್ರೇಯಲ್ಲಿ ಬರುತ್ತದೆ. ಮಕ್ಕಳೇ, ನೀವು ಕೋಳಿ ನೋಡುವುದು ಸಿಗ್ನಲ್ಲಿನಲ್ಲಿ ನಿಂತ ಲಾರಿಯ ಪಂಜರದಲ್ಲಿ. ಅವಕ್ಕೂ ಕಾಯಿಲೆ ಬರುತ್ತದೆ, ಅವಕ್ಕೂ ಯಾರೋ ಔಷಧಿ ಕೊಡುತ್ತಾರೆ. ಅದು ನಿಮ್ಮ ಕಿವಿಗೆ ಬೀಳುವುದಿಲ್ಲ. ನಮಗೆ ಒಂದೊಂದು ಕೋಳಿಯ ದನಿಯೂ ಗೊತ್ತಿತ್ತು. ಒಂದು ಸುಮ್ಮನಾದರೂ ಇಡೀ ಮನೆ ಸುಮ್ಮನಾಗುತ್ತಿತ್ತು.