ತೀರ್ಥಪ್ಪನ ಗೋಪುರ

ತರೀಕೆರೆಯಿಂದ ಲಕ್ಕವಳ್ಳಿಗೆ ಹೋಗುವ ದಾರಿಯಲ್ಲಿ ತೀರ್ಥಪ್ಪ ತನ್ನ ಗುಡ್ಡದ ಮೇಲೆ ಮೂರಂತಸ್ತಿನ ಗೋಪುರ ಕಟ್ಟಿಸಿದ. ಒಳಗೆ ದೇವರಿಲ್ಲ, ವಾಸಕ್ಕೆ ಕೋಣೆಯಿಲ್ಲ; ಬರೀ ಮೆಟ್ಟಿಲು. ಅವನಿಗೆ ಹುಚ್ಚು ಎಂದವರುಂಟು. ಪಕ್ಕದ ಮನೆಯವನಾದ ನಾನು ಹೇಳುತ್ತೇನೆ, ಹುಚ್ಚಲ್ಲ, ಕೊಬ್ಬು.

ಅವನ ಹೆಂಡತಿ ಹಾಲಮ್ಮನ ತವರು ಭದ್ರಾ ಹೊಳೆಯ ದಂಡೆಯಲ್ಲಿ, ಆಗಿನ್ನೂ ಕಟ್ಟುತ್ತಿದ್ದ ಅಣೆಕಟ್ಟೆಯ ಹಿಂದೆ. ಅವಳ ತಮ್ಮನ ಮದುವೆಯಲ್ಲಿ ತೀರ್ಥಪ್ಪನಿಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಲಿಲ್ಲವಂತೆ. ಅಷ್ಟಕ್ಕೇ ಅವಳು ಮತ್ತೆ ತವರಿನ ಹೊಸ್ತಿಲು ತುಳಿಯಕೂಡದೆಂದು ಕಟ್ಟಪ್ಪಣೆ ಮಾಡಿದ. ಅಣೆಕಟ್ಟೆ ಮುಗಿದರೆ ಆ ಊರು ಮುಳುಗುವುದು ಎಲ್ಲರಿಗೂ ಗೊತ್ತಿತ್ತು. ಮುಳುಗುವ ಮುಂಚೆ ಒಮ್ಮೆ ಹುಟ್ಟಿದ ಮನೆ ನೋಡಬೇಕು, ಅದೊಂದೇ ಅವಳ ಆಸೆ.

"ಹೋಗೋದೇನು ಬ್ಯಾಡ. ಗೋಪುರ ಮುಗೀಲಿ, ಮೇಲಿಂದ ನಿಮ್ಮೂರು ಕಾಣ್ತದೆ. ತೋರಿಸ್ತೀನಿ," ಎಂದ ಗಂಡ.

ಆ ಮಾತು ನಂಬಿ ಆಕೆ ಕೂಲಿಯವರ ಜೊತೆ ಗಾರೆಯ ಬಾಂಡ್ಲಿ ಹೊತ್ತಳು. ಬಸುರಿಯಾಗಿದ್ದಾಗಲೂ ಹೊತ್ತಳು. ಆ ಮಗು ಉಳಿಯಲಿಲ್ಲ. ಮೈ ಸರಿಹೋಗುವ ಮೊದಲೇ ಮತ್ತೆ ಬಾಂಡ್ಲಿ ಹಿಡಿದಳು.

ಗೋಪುರ ಎದ್ದಿತು. ಯಗಟಿ, ಅಜ್ಜಂಪುರದಿಂದೆಲ್ಲ ಜನ ನೋಡಲು ಬಂದರು. ಅಮೃತಾಪುರದ ಗುಡಿ ನೋಡಲು ಬಂದ ದೊಡ್ಡ ಮನುಷ್ಯರನ್ನೂ ತೀರ್ಥಪ್ಪ ಎಳೆದು ತಂದ. ಎಲ್ಲರೂ ಹತ್ತಿದರು. ಹಾಲಮ್ಮ ಮೆಟ್ಟಿಲಿಗೆ ಕಾಲಿಟ್ಟ ದಿನ ಮಾತ್ರ ಜನರ ಮುಂದೆಯೇ ಕೂಗಿದ: "ಇಳಿಯೇ ಕೆಳಗೆ! ಗಂಡಸ್ರ ತಲೆ ಮೇಲೆ ನಿಂತ್ಕೋತಾಳಂತೆ! ಹೋಗಿ ಕಾಫಿ ಕಾಸು."

ಕಾಫಿ ಕೊಡುವಾಗ ಅವಳು ಇಳಿದುಬಂದವರನ್ನು ತನ್ನೂರಿನ ಬಗ್ಗೆ ಕೇಳುತ್ತಿದ್ದಳು. ದುರ್ಬೀನು ತಂದಿದ್ದ ಎಂಜಿನಿಯರ್ ಒಬ್ಬರು, ಹೊಳೆ ದಂಡೆಯ ಹೆಂಚಿನ ಮನೆ ಮುಂದೆ ಮುದುಕಿಯೊಬ್ಬಳು ಕಂಡಳೆಂದರು.

"ಬೆನ್ನು ಸ್ವಲ್ಪ ಬಗ್ಗೈತಾ ಸ್ವಾಮಿ? ನಮ್ಮವ್ವ ಇರ್ಬೇಕು."

"ಅಷ್ಟೆಲ್ಲಾ ಯಾರಮ್ಮ ನೋಡ್ತಾರೆ," ಎಂದು ಅವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ನೀರು ಏರಿತು. ಆ ಊರಿನವರನ್ನು ಲಾರಿಗಳಲ್ಲಿ ಸಾಗಿಸಿದರು. ಅವಳ ತಾಯಿ ಲಾರಿ ಹತ್ತುವ ಮೊದಲೇ ಸತ್ತಳೆಂದು ಸುದ್ದಿ ಬಂತು. ಆ ಊರ ಗುಡಿಯ ಕಳಸವೂ ಮುಳುಗಿದ ಮೇಲೆ, ಒಂದು ಭಾನುವಾರ, ಶಿವಮೊಗ್ಗದಿಂದ ಬಂದ ಅತಿಥಿಗಳ ಮುಂದೆ ತೀರ್ಥಪ್ಪ ಹೆಂಡತಿಯ ಕೈ ಹಿಡಿದು ಮೇಲಕ್ಕೆ ಕರೆದೊಯ್ದ. ನಾನೂ ಹಿಂದೆಯೇ ಹತ್ತಿದೆ.

"ತೋರಿಸೇ ಇವರಿಗೆ. ನಿಮ್ಮನೆ ಎಲ್ಲಿತ್ತು?"

ಕಣ್ಣು ಹಾಯುವಷ್ಟೂ ನೀರು. ಹಾಲಮ್ಮ ಕೈ ಎತ್ತಿ ಅತ್ತ ಚಾಚಿದಳು, ಇತ್ತ ಚಾಚಿದಳು.

"ಗೊತ್ತಾಗ್ತಿಲ್ಲ ಕಣ್ರೀ," ಎಂದಳು. "ಇಲ್ಲಿಂದ ಒಂದ್ಸಲನೂ ನೋಡಿಲ್ವಲ್ಲ."

ತೀರ್ಥಪ್ಪ, "ಹುಟ್ಟಿದ ಮನೆನೇ ಗೊತ್ತಿಲ್ಲ ನೋಡಿ ಇವಳಿಗೆ," ಎಂದು ನಗುತ್ತಾ ತಾನೇ ಬೆರಳು ಮಾಡಿ ತೋರಿಸಿದ.